ಹೂ ಬಿಡುವ ಹಾಸು, ಹೂವಿಲ್ಲದ ಜರಿ

ಗಿಡವೊಂದನ್ನು ಮನೆಗೆ ತಂದವರನ್ನು ನಮ್ಮ ಕಡೆ ಮೊದಲು ಕೇಳುವುದು ‘ಹೂ ಬಿಡುತ್ತದೆಯೆ?’ ಎಂದು. ಬಿಡುತ್ತದೆ ಎಂದರೆ ಅಂಗಳದಲ್ಲಿ ಜಾಗ. ಇಲ್ಲವೆಂದರೆ ಪದಾರ್ಥಕ್ಕಾಗುತ್ತದೆಯೆ, ಮದ್ದಿಗಾಗುತ್ತದೆಯೆ ಎಂಬ ವಿಚಾರಣೆ. ಅದರಲ್ಲೂ ಸೋತ ಗಿಡಕ್ಕೆ ಗುಡ್ಡೆಯೇ ಗತಿ. ಈಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ಇದು ಇಲ್ಲಿಯದೋ, ಹೊರಗಿನದೋ?’ ಮೊದಲನೆಯದು ಚೆಲುವಿನ ಪ್ರಶ್ನೆ, ಇದು ನೀತಿಯ ಪ್ರಶ್ನೆ ಎಂದು ಮೇಲುನೋಟಕ್ಕೆ ತೋರಬಹುದು. ನನಗೆ ಎರಡೂ ನೀತಿಯವೇ ಎಂದು ಅನ್ನಿಸುತ್ತದೆ. ಒಂದು ಜೀವವನ್ನು ಅದು ತೋರಿಸಿಕೊಳ್ಳುವುದರಿಂದ ಅಳೆಯಬೇಕೆ, ಅದು ಹುಟ್ಟಿದ ಊರಿನಿಂದ ಅಳೆಯಬೇಕೆ? ಗಡಿನಾಡಿನಲ್ಲಿ ಬಾಳುವ ನಮಗೆ ಇದು ಬರಿಯ ಗಿಡದ ಮಾತಾಗಿ ಉಳಿಯುವುದೂ ಇಲ್ಲ. ನನ್ನ ಹಿತ್ತಿಲ ದರೆಯಲ್ಲಿ ಹತ್ತಿರ ಹತ್ತಿರವೇ ಇರುವ ಎರಡು ಗಿಡಗಳನ್ನು ಹಿಡಿದುಕೊಂಡು ಯೋಚಿಸಿ ನೋಡೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಒಂದು ವೆಡೇಲಿಯಾ. ಸಿಂಗಾಪುರ ಡೇಸಿ ಎಂಬ ಹೆಸರೂ ಉಂಟು. ಮೂರು ಕವಲಾಗಿ ಸೀಳಿದಂತಿರುವ ಹೊಳೆಯುವ ಹಸುರೆಲೆ, ನೆಲದ ಮೇಲೆ ಹರಿಯುವ ಕಾಂಡ, ಹನ್ನೆರಡು ತಿಂಗಳೂ ಅರಸಿನ ಬಣ್ಣದ ಹೂ. ಹೊಸ ಮನೆಗಳ ಪಾಗಾರದ ಬುಡದಲ್ಲಿ, ಪೇಟೆಯ ಕಟ್ಟಡಗಳ ಮುಂದೆ, ರಸ್ತೆಗಾಗಿ ಕಡಿದ ದರೆಗಳಲ್ಲಿ ನೀವು ಇದನ್ನು ನೋಡಿಯೇ ಇರುತ್ತೀರಿ. ಕಾಂಡದ ಗಂಟು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಕಡಿದು ಎಸೆದರೆ ಎಸೆದಲ್ಲಿ ಚಿಗುರುತ್ತದೆ. ಬಿಸಿಲು, ನೆರಳು, ಉಪ್ಪುಗಾಳಿ ಯಾವುದಕ್ಕೂ ಅಂಜುವುದಿಲ್ಲ. ಮೂಲತಃ ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳ ಕಡೆಯದು. ಸಿಂಗಾಪುರಕ್ಕೂ ಅದಕ್ಕೂ ಇರುವ ನಂಟು ದಾರಿಯಲ್ಲಿ ಇಳಿದ ಬಂದರಿನ ನಂಟು ಮಾತ್ರ. 2000ದಲ್ಲಿ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟದ ತಜ್ಞರು ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿ ಮಾಡಿದಾಗ ಈ ಹೂಗಿಡಕ್ಕೂ ಅದರಲ್ಲಿ ಸ್ಥಾನ ಸಿಕ್ಕಿತು.

ಇದರ ಹೂವನ್ನು ಒಮ್ಮೆ ಕಿತ್ತು ಹತ್ತಿರದಿಂದ ನೋಡಬೇಕು. ಅದು ಒಂದು ಹೂವಲ್ಲ. ಸೂರ್ಯಕಾಂತಿಯ ಕುಟುಂಬದ ಗಿಡವಾದ್ದರಿಂದ ಅಂಚಿನ ಒಂದೊಂದು ಎಸಳೂ ಒಂದೊಂದು ಹೂ; ನಡುವಿನ ಗುಂಡಿಯಲ್ಲಿ ಇನ್ನಷ್ಟು ಪುಟ್ಟ ಹೂಗಳು. ಒಂದು ಸಭೆಯೇ ಸೇರಿ ಒಂದು ಮುಖವಾಗಿ ಕಾಣಿಸಿಕೊಳ್ಳುವ ಜಾಣತನ. ಇಷ್ಟೆಲ್ಲ ಹೂ ಬಿಟ್ಟರೂ, ಹೊರಗೆ ಹೋದ ಊರುಗಳಲ್ಲಿ ಈ ಗಿಡ ಬೀಜದಿಂದ ಹಬ್ಬುವುದು ಬಲು ಕಡಿಮೆ. ತುಂಡೇ ಅದಕ್ಕೆ ಬೀಜ. ಹಾಗಾದರೆ ಹೂ ಯಾತಕ್ಕೆ? ಜೇನ್ನೊಣಕ್ಕೆ, ಚಿಟ್ಟೆಗೆ ಎನ್ನಬಹುದು. ಅವು ಬರುವುದೂ ನಿಜ. ಆದರೆ ಕೆರಿಬಿಯನ್‌ನಿಂದ ಕಾಸರಗೋಡಿನವರೆಗೆ ಇದನ್ನು ಹೊತ್ತು ತಂದದ್ದು ಜೇನ್ನೊಣವಲ್ಲ, ಮನುಷ್ಯ. ಅವನು ಹೊತ್ತದ್ದು ಹೂವಿನ ಚೆಲುವಿಗಾಗಿ. ಸಂತಾನಕ್ಕೆ ಒದಗದ ಹೂ ಪ್ರಯಾಣದ ಟಿಕೇಟಿಗೆ ಒದಗಿತು.

ಇನ್ನೊಂದು ಜರಿಗಿಡ. ಹಳೆಯ ಮಾವು, ಹಲಸು, ತೆಂಗುಗಳ ಕಾಂಡವನ್ನು ಅಪ್ಪಿಕೊಂಡು ಬೆಳೆಯುವ ದೊಡ್ಡ ಜಾತಿಯದು. ಸಸ್ಯಶಾಸ್ತ್ರದವರು ಡ್ರೈನೇರಿಯಾ ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ಜರಿ ಎಂದರೆ ನೂರು ಕಾಲಿನ ಹುಳುವೂ ಹೌದು, ಪಟ್ಟೆಸೀರೆಯ ಅಂಚೂ ಹೌದು. ಈ ಗಿಡದ ಕಂದು ರೋಮದಂಥ ಹೊಟ್ಟು ಹೊದ್ದ ಗೆಡ್ಡೆ ಮರದ ಮೇಲೆ ತೆವಳುವುದನ್ನು ನೋಡಿದರೆ ಹುಳುವಿನ ನೆನಪು, ಬಿಚ್ಚಿದ ಎಲೆಯನ್ನು ನೋಡಿದರೆ ಸೀರೆಯ ನೆನಪು. ಮಲಯಾಳದಲ್ಲಿ ಜರಿಗಿಡ ಪನ್ನಲ್. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದ ಕೊನೆಯ ಸಂಪುಟದಲ್ಲಿ ಇದು ‘ಪನ್ನ ಕೆಳಂಗು ಮರವರ’ ಎಂಬ ಮಲಯಾಳ ಹೆಸರಿನಲ್ಲೇ ಇದೆ. ಆ ಗ್ರಂಥಕ್ಕೆ ಗಿಡಗಳ ಗುಣ ತಿಳಿಸಿದವರಲ್ಲಿ ಮಲಯಾಳದ ವೈದ್ಯ ಇಟ್ಟಿ ಅಚ್ಯುದನ್ ಇದ್ದ; ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರು. ಮರಾಠಿಯಲ್ಲಿ ಇದೇ ಜರಿಗೆ ಬಾಶಿಂಗ ಎಂಬ ಹೆಸರಿದೆ. ಜನ್ಮದಲ್ಲಿ ಹೂ ಬಿಡದ ಗಿಡಕ್ಕೆ ಮದುಮಗನ ಹಣೆಯ ಅಲಂಕಾರದ ಹೆಸರು!

ಈ ಜರಿಗೆ ಎಲೆ ಎರಡು ಬಗೆ. ಮಳೆಗಾಲದಲ್ಲಿ ನೀಳವಾಗಿ ಹೊರಚಾಚುವ ಹಸುರೆಲೆ ಒಂದು. ಅದರ ಅಡಿಯಲ್ಲಿ ಕಂದು ಚುಕ್ಕಿಗಳು; ಚುಕ್ಕಿಯೊಳಗೆ ಧೂಳಿನಂಥ ಬೀಜಕಣಗಳು. ಇನ್ನೊಂದು, ಮರಕ್ಕೆ ಅಂಟಿಕೊಂಡು ಬೊಗಸೆಯ ಹಾಗೆ ನಿಲ್ಲುವ ಗಿಡ್ಡ ಎಲೆ. ಇದು ಬೇಗನೆ ಕಂದಾಗಿ ಒಣಗಿ ಕಾಗದದಂತಾಗುತ್ತದೆ, ಆದರೆ ಉದುರುವುದಿಲ್ಲ. ಇದಕ್ಕೆ ಬೀಜಕಣವೂ ಇಲ್ಲ. ಮೇಲಿನಿಂದ ಬೀಳುವ ತರಗೆಲೆ, ತೊಗಟೆಯ ಚೂರು, ಇರುವೆ ತಂದ ಮಣ್ಣು ಎಲ್ಲವನ್ನೂ ಹಿಡಿದಿಟ್ಟು ಕೊಳೆಯಿಸಿ ಗೊಬ್ಬರ ಮಾಡುವುದೇ ಅದರ ಕೆಲಸ. ಬೇಸಿಗೆಯಲ್ಲಿ ಹಸುರೆಲೆಗಳು ಉದುರಿದ ಮೇಲೂ ಆ ಕಂದು ಬೊಗಸೆಗಳು ಬೇರಿನ ತೇವವನ್ನು ಕಾಯುತ್ತ ನಿಂತಿರುತ್ತವೆ. ಇದನ್ನು ತ್ಯಾಗ ಎಂದು ಕರೆಯಲು ನಾಲಗೆ ತುರಿಸುತ್ತದೆ. ಕರೆಯಬಾರದು. ಜರಿಗೆ ತ್ಯಾಗವೂ ಇಲ್ಲ, ವೆಡೇಲಿಯಾಕ್ಕೆ ದುರಾಸೆಯೂ ಇಲ್ಲ. ಮಂಗಳವಾರದ ಸಂತೆಗೂ ಬುಧವಾರದ ಉಪವಾಸಕ್ಕೂ ಅವು ಸಾಕ್ಷಿ ಹೇಳಲಾರವು. ಗಿಡಗಳಿಂದ ನೀತಿ ಕಲಿಯಬಹುದೆಂಬ ಪಾಠಪುಸ್ತಕದ ನಂಬಿಕೆ ನನಗೆ ಅಷ್ಟಾಗಿ ಇಲ್ಲ. ಆದರೆ ಗಿಡಗಳನ್ನು ಕುರಿತು ನಾವು ಬಳಸುವ ಮಾತುಗಳನ್ನು ಪರೀಕ್ಷಿಸಿದರೆ ನಮ್ಮ ನೀತಿಯ ಒಳಗು ಸ್ವಲ್ಪ ಕಾಣುತ್ತದೆ.

ಉದಾಹರಣೆಗೆ, ಇವೆರಡಕ್ಕೂ ಶಾಸ್ತ್ರೀಯ ಹೆಸರಿನ ಬುನಾದಿ ಹಾಕಿದವನು ಒಬ್ಬನೇ, ಸ್ವೀಡನ್ನಿನ ಲಿನೇಯಸ್. ಜರಿಗೆ 1753ರಲ್ಲಿ, ವೆಡೇಲಿಯಾಕ್ಕೆ 1759ರಲ್ಲಿ. (ಕುಲನಾಮಗಳನ್ನು ಆಮೇಲಿನವರು ಬದಲಿಸಿದ್ದಾರೆ, ಅದು ಮುಗಿಯದ ಕತೆ.) ಅವನು ಇಡೀ ಸಸ್ಯಲೋಕವನ್ನು ಹೂವಿನ ಕೇಸರ-ಶಲಾಕೆಗಳ ಲೆಕ್ಕದಲ್ಲಿ ಇಪ್ಪತ್ತನಾಲ್ಕು ವರ್ಗಗಳಾಗಿ ಹಂಚಿದ. ಹೂ ಕಾಣದ ಜರಿ, ಪಾಚಿ, ಅಣಬೆಗಳನ್ನೆಲ್ಲ ಒಟ್ಟುಗೂಡಿಸಿ ಇಪ್ಪತ್ತನಾಲ್ಕನೆಯ ಕೊಠಡಿಗೆ ತಳ್ಳಿದ. ಆ ವರ್ಗದ ಹೆಸರಿನ ಅರ್ಥ ‘ಗುಪ್ತವಿವಾಹ’. ಹೂ ಇಲ್ಲವೆಂದರೆ ಮುಚ್ಚಿಟ್ಟಿರಬೇಕು ಎಂಬ ಸಂಶಯ ಆ ಹೆಸರಿನಲ್ಲೇ ಇದೆ. ಜರಿಯ ಗುಟ್ಟು ಬಯಲಾದದ್ದು 1851ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಹೋಫ್‌ಮೈಸ್ಟರ್ ತನ್ನ ಸಂಶೋಧನೆಯನ್ನು ಪ್ರಕಟಿಸಿದಾಗ. ಬೀಜಕಣ ಮೊಳೆತರೆ ಜರಿಯಾಗುವುದಿಲ್ಲ. ಉಗುರಿಗಿಂತ ಕಿರಿದಾದ, ಹೃದಯದ ಆಕಾರದ ಒಂದು ಹಸುರು ಬಿಲ್ಲೆಯಾಗುತ್ತದೆ. ಗಂಡು ಹೆಣ್ಣು ಅಣುಗಳು ಹುಟ್ಟುವುದು ಅದರಲ್ಲಿ. ಗಂಡಣು ಹೆಣ್ಣಣುವನ್ನು ಸೇರಬೇಕಾದರೆ ನೀರಿನ ಒಂದು ತೆಳುಪದರ ಬೇಕು. ಅದರಲ್ಲಿ ಈಜಿಯೇ ಹೋಗಬೇಕು. ಸೇರಿದ ಮೇಲೆ ನಾವು ಬಲ್ಲ ಜರಿ ಏಳುತ್ತದೆ. ಬಾಯಾರು, ಎಣ್ಮಕಜೆ ಕಡೆಯ ಸುರಂಗಗಳ ಬಾಯಲ್ಲಿ ಜರಿಗಳು ಯಾಕೆ ಅಷ್ಟು ಒತ್ತಾಗಿ ನಿಂತಿರುತ್ತವೆ ಎಂಬುದಕ್ಕೆ ಕಾರಣ ಇಲ್ಲಿದೆ: ಬೇಸಿಗೆಯಲ್ಲೂ ಒರತೆಯ ಪಸೆ ಆರದ ಮುರಕಲ್ಲು ಅದು. ಗುಪ್ತವಾಗಿ ಇಡಲು ಜರಿ ಏನನ್ನೂ ಇಟ್ಟಿರಲಿಲ್ಲ. ನೋಡುವವರು ಹೂವನ್ನೇ ಹುಡುಕುತ್ತಿದ್ದರು, ಅಷ್ಟೇ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಕ್ತನ ಕಾಣಿಕೆಗಳನ್ನು ಹೆಸರಿಸುವಾಗ ಕೃಷ್ಣ ಎಲೆಯನ್ನು ಹೂವಿಗಿಂತ ಮೊದಲು ಹೇಳುತ್ತಾನೆ ಎಂಬುದನ್ನು ನಮ್ಮ ಪೂಜೆಯ ಬುಟ್ಟಿಗಳು ಮರೆತಂತಿದೆ.

ಇಲ್ಲಿಯವರೆಗೆ ಓದಿದವರಿಗೆ ನಾನು ಜರಿಯ ಪಕ್ಷದವನೆಂದು ಅನ್ನಿಸಿರಬಹುದು. ಪ್ರೀತಿಯಲ್ಲಿ ಹೌದು. ನ್ಯಾಯ ಹೇಳುವಾಗ ಪ್ರೀತಿ ಸಾಲುವುದಿಲ್ಲ.

ಜರಿಯ ಪರವಾಗಿ ಸಾಮಾನ್ಯವಾಗಿ ಎತ್ತುವ ವಾದ ಪ್ರಾಚೀನತೆಯದು. ಜರಿಗಳ ವಂಶ ಮೂವತ್ತೈದು ಕೋಟಿ ವರ್ಷಗಳಿಗೂ ಹಿಂದಿನದು, ಹೂಗಿಡಗಳು ನಿನ್ನೆ ಮೊನ್ನೆಯವು ಎಂದು. ವಂಶದ ಮಟ್ಟಿಗೆ ಅದು ಸರಿ. ಆದರೆ ಇಂದು ನಾವು ಕಾಣುವ ಬಹುಪಾಲು ಜರಿಗಳು, ಮುಖ್ಯವಾಗಿ ಮರದ ಮೇಲೆ ಬದುಕುವಂಥವು, ಕವಲೊಡೆದು ಹೆಚ್ಚಿದ್ದು ಹೂಬಿಡುವ ಮರಗಳು ಕಾಡು ಕಟ್ಟಿದ ನಂತರ, ಆ ಮರಗಳ ನೆರಳಿನಲ್ಲಿ, ಎಂದು 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹಿರಿಯನೆಂದು ನಾವು ಕೈಮುಗಿದ ಜರಿ ಕಿರಿಯರ ಚಪ್ಪರದ ಕೆಳಗೆ ಹೊಸದಾಗಿ ಸಂಸಾರ ಹೂಡಿದ್ದು. ಇನ್ನು ‘ನಮ್ಮದು’ ಎಂಬ ವಾದ. ಡ್ರೈನೇರಿಯಾ ನಮ್ಮದೇ, ಹಾಗೆಯೇ ಮಲೇಶಿಯದ್ದು, ಇಂಡೊನೇಶಿಯದ್ದು, ಆಸ್ಟ್ರೇಲಿಯದ ಉತ್ತರದ ಅಂಚಿನದ್ದೂ ಹೌದು. ಗಾಳಿಯಲ್ಲಿ ಹೋಗುವ ಬೀಜಕಣಕ್ಕೆ ತಲಪಾಡಿಯ ಚೆಕ್‌ಪೋಸ್ಟಿಲ್ಲ.

ಈ ಮಾತು ನನ್ನ ಹಿತ್ತಿಲಿಗೆ ಬಂದದ್ದು ಹೀಗೆ. ನನ್ನ ಮನೆಗೂ ನೆರೆಮನೆಗೂ ನಡುವೆ ಒಂದು ದರೆ ಉಂಟು. ನೆರೆಮನೆಯವರು ನನಗಿಂತ ಹಿರಿಯರು, ಮಲಯಾಳ ಮನೆಮಾತಿನವರು. ನಾನು ಅವರನ್ನು ಏಟ್ಟ ಎಂದು ಕರೆಯುತ್ತೇನೆ, ಶಾಲೆಯಲ್ಲಿ ಕಲಿಸಿದವನಾದ್ದರಿಂದ ಅವರಿಗೆ ನಾನು ಮಾಷ್. ದರೆಯ ಮಣ್ಣು ಮಳೆಗೆ ಕುಸಿಯುತ್ತಿತ್ತೆಂದು ಅವರ ಹೆಂಡತಿ ವರ್ಷಗಳ ಹಿಂದೆ ಅಲ್ಲಿ ವೆಡೇಲಿಯಾ ಊರಿದ್ದರು. ಗಿಡ ಮಣ್ಣನ್ನು ಹಿಡಿಯಿತು, ಅದನ್ನು ಒಪ್ಪಲೇಬೇಕು. ಅವರು ತೀರಿಕೊಂಡ ಮೇಲೂ ಹೂ ಅರಳುತ್ತಲೇ ಇತ್ತು. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಜರಿ ಹೊತ್ತ ಹಳೆಯ ಮಾವಿನ ಬುಡವನ್ನು ಸುತ್ತಿತು, ತೋಡಿನ ಬದಿಗೆ ಇಳಿಯಿತು, ಅಲ್ಲಿಂದ ನಾಗಬನದ ಕಟ್ಟೆಯವರೆಗೆ ಹೋಯಿತು. ಬನದ ಅಂಚಿನಲ್ಲಿ ಮಳೆಗಾಲಕ್ಕೆ ಏಳುತ್ತಿದ್ದ ಸಣ್ಣ ಸಸಿಗಳು ಆ ಹಾಸಿನಡಿಯಲ್ಲಿ ಏಳುವುದನ್ನು ನಿಲ್ಲಿಸಿದವು. ಪಂಚಾಯತಿನ ಜೀವವೈವಿಧ್ಯ ದಾಖಲೆಗಾಗಿ ಬಂದ ಒಬ್ಬ ಯುವಕ ಇದನ್ನು ನೋಡಿ, ‘ಇದು ಹೊರಗಿನದು, ಪೂರ್ತಿ ಕಿತ್ತು ಹಾಕಬೇಕು’ ಎಂದ. ತಿಳಿದು ಹೇಳಿದ ಮಾತು, ವಿನಯದಿಂದಲೇ ಹೇಳಿದ. ಏಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, ‘ಅಪ್ಪೊ ನಮ್ಮಳೆಲ್ಲಾರುಂ ಪುರತ್ತುನ್ನ್ ಬನ್ನೋರಲ್ಲೇ ಮಾಷೆ?’ ಎಂದರು. ಹಾಗಾದರೆ ನಾವೆಲ್ಲರೂ ಹೊರಗಿನಿಂದ ಬಂದವರೇ ಅಲ್ಲವೆ, ಎಂದು.

ನಗುತ್ತಲೇ ಹೇಳಿದ್ದು. ಆದರೂ ಆ ನಗುವಿನಡಿ ಏನಿತ್ತೆಂದು ಈ ಪುಸ್ತಕದ ಎರಡೂ ಭಾಷೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಅವರ ಅಜ್ಜ ಪಯ್ಯನ್ನೂರು ಕಡೆಯಿಂದ ಬಂದವರು. ನನ್ನ ಮನೆತನದವರು ನಾಲ್ಕು ತಲೆಮಾರಿನ ಹಿಂದೆ ವಿಟ್ಲದ ಕಡೆಯಿಂದ ಇಳಿದವರು. 1956ರ ಅಕ್ಟೋಬರ್ 31ರವರೆಗೆ ಎರಡೂ ಮನೆ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಮರುದಿನ ಎದ್ದಾಗ ಕೇರಳದಲ್ಲಿದ್ದವು. ದರೆ ಇದ್ದಲ್ಲೇ ಇತ್ತು. ಅಂದಿನಿಂದ ‘ಇಲ್ಲಿಯವರು ಯಾರು’ ಎಂಬ ಪ್ರಶ್ನೆಯನ್ನು ಒಮ್ಮೆ ಅವರು, ಒಮ್ಮೆ ನಾವು, ಕೈಗೆ ಸಿಕ್ಕ ಕಲ್ಲಿನಂತೆ ಎತ್ತಿಕೊಂಡದ್ದುಂಟು.

ಮನುಷ್ಯರಿಗೆ ಬಳಸುವ ಬೈಗುಳಗಳಲ್ಲಿ ಗಿಡಗಳ ಪಾಲು ದೊಡ್ಡದು. ಕನ್ನಡದಲ್ಲಿ ಬಂದಳಿಕೆ, ಮಲಯಾಳದಲ್ಲಿ ಇತ್ತಿಲ್‌ಕಣ್ಣಿ. ಗಿಡವೂ ಅದೇ, ಬೈಗುಳವೂ ಅದೇ. ಕುತೂಹಲದ ಸಂಗತಿ ಏನೆಂದರೆ, ಮರದ ಮೇಲಿನ ಜರಿಯನ್ನೂ ಎಷ್ಟೋ ಮಂದಿ ಬಂದಳಿಕೆಯ ಲೆಕ್ಕಕ್ಕೇ ಸೇರಿಸಿ ಕೆರೆದು ಹಾಕುತ್ತಾರೆ. ಬಂದಳಿಕೆ ತನ್ನ ಬೇರನ್ನು ಮರದ ಒಳಕ್ಕೆ ಇಳಿಸಿ ರಸ ಹೀರುತ್ತದೆ. ಜರಿಯ ಬೇರು ತೊಗಟೆಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ನಿಲ್ಲಲು ಒಂದು ಜಾಗ, ಉಳಿದುದನ್ನು ಮಳೆಯಿಂದ, ಉದುರಿದ್ದರಿಂದ ಅದು ತಾನೇ ಮಾಡಿಕೊಳ್ಳುತ್ತದೆ. ಮೇಲೆ ಕೂತವರೆಲ್ಲ ರಸ ಹೀರುವವರೆಂದು ತಿಳಿದ ಕತ್ತಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಾಗೆಂದು ಏಟ್ಟನ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಎಲ್ಲರೂ ಹೊರಗಿನವರೇ, ಆದ್ದರಿಂದ ಯಾವುದನ್ನೂ ಕೀಳಬಾರದು ಎಂಬುದು ಔದಾರ್ಯದಂತೆ ಕಂಡರೂ ಆ ಹಾಸಿನಡಿಯಲ್ಲಿ ಏಳದೆ ಹೋದ ಸಸಿಗಳ ಪರ ಮಾತಾಡುವವರನ್ನು ಬಾಯಿಮುಚ್ಚಿಸುವ ಮಾತು. ಯುವಕನ ಗಮನ ಸರಿಯಾಗಿತ್ತು. ಅವನು ಕೊಟ್ಟ ಕಾರಣ ಸರಿಯಿರಲಿಲ್ಲ. ‘ಹೊರಗಿನದು’ ಎಂಬುದೇ ದೋಷವಾದರೆ ಮೆಣಸಿನಕಾಯಿ, ಪಪ್ಪಾಯಿ, ಮರಗೆಣಸು, ಅನಾನಸು ಎಲ್ಲವನ್ನೂ ಕೀಳಬೇಕಾಗುತ್ತದೆ. ಗೇರನ್ನು ಮಲಯಾಳದಲ್ಲಿ ಪರಂಗಿಮಾವು ಎನ್ನುತ್ತಾರೆ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ನೆನಪು ಹೆಸರಿನಲ್ಲೇ ಉಳಿದಿದೆ. ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದು, ಪಡ್ರೆಯ ಮಕ್ಕಳಿಗೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಆ ಪಾಪದಲ್ಲಿ ಬ್ರೆಜಿಲಿನ ಮರಕ್ಕೆ ಪಾಲಿಲ್ಲ. ಅದು ಸಿಂಪಡಿಸಿದ ಕೈಯದು, ಸಿಂಪಡಿಸಲು ಹೇಳಿದ ಬಾಯಿಯದು.

ಜರಿಯ ಕುಲದಲ್ಲೇ ಹುಡುಕಿದರೂ ಹುಟ್ಟೂರಿನ ಲೆಕ್ಕ ಕೈಕೊಡುತ್ತದೆ. ಕೇರಳದ ಗದ್ದೆ, ಕಾಲುವೆಗಳನ್ನು ಮುಚ್ಚಿದ ಆಫ್ರಿಕನ್ ಪಾಯಲ್ ನೆನಪಿದೆಯಲ್ಲ? ಹೆಸರು ಆಫ್ರಿಕದ್ದು, ಹುಟ್ಟು ಬ್ರೆಜಿಲಿನದ್ದು, ಅದು ಪಾಚಿಯೂ ಅಲ್ಲ. ನೀರಿನ ಮೇಲೆ ತೇಲುವ ಜರಿ. ಬೀಜಕಣ ಫಲಿಸದೆ ತುಂಡಿನಿಂದಲೇ ಹಬ್ಬುವ ಅದರ ರೀತಿ ವೆಡೇಲಿಯಾದ್ದೇ. ಹೂವಿಲ್ಲದಿರುವುದು ಅದನ್ನು ಸಾಧುವನ್ನಾಗಿ ಮಾಡಲಿಲ್ಲ. ಕೊನೆಗೆ ಅದನ್ನು ಹತೋಟಿಗೆ ತಂದದ್ದು 1980ರ ದಶಕದಲ್ಲಿ ಬಿಟ್ಟ ಒಂದು ಪುಟ್ಟ ಸೊಂಡಿಲು ಕೀಟ. ಅದೂ ಬ್ರೆಜಿಲ್ ಮೂಲದ್ದೇ. ಇನ್ನು ನಮ್ಮ ಬೇಲಿಗಳಲ್ಲಿ ಯಾರ ಗೋಜಿಗೂ ಹೋಗದೆ ಹಬ್ಬುವ ಬಳ್ಳಿಜರಿ, ಮಲಯಾಳದ ವಳ್ಳಿಪ್ಪನ್ನಲ್. ಅದರ ಒಂದು ಜಾತಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಅಲ್ಲಿನ ಜೌಗುಕಾಡಿನ ಮರಗಳನ್ನು ಏರಿ ಮುಚ್ಚಿ, ಕಾಳ್ಗಿಚ್ಚನ್ನು ನೆಲದಿಂದ ಮರದ ತುದಿಗೆ ಹತ್ತಿಸುವ ಏಣಿಯಾಗಿದೆ. ಇಲ್ಲಿ ಬಡಪಾಯಿ, ಅಲ್ಲಿ ಪಿಡುಗು. ಗಿಡ ಒಂದೇ.

ಆದ್ದರಿಂದ ಕೇಳಬೇಕಾದದ್ದು ಎಲ್ಲಿಂದ ಬಂತೆಂದಲ್ಲ. ಇಲ್ಲಿ, ಈ ತೋಡಿನ ಬದಿಯಲ್ಲಿ, ನೆರೆಯ ಜೀವಕ್ಕೆ ಏನು ಮಾಡುತ್ತಿದೆ ಎಂದು. ಗಿಡದ ಬಗ್ಗೆ ನನ್ನ ನಿಲುವು ಇಷ್ಟೆ. ಇದೇ ಅಳತೆಗೋಲನ್ನು ಮನುಷ್ಯರ ಮೇಲೆ ಇಡಬಹುದೆ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ಒಂದು ವೆಡೇಲಿಯಾವನ್ನು ಕಂಡರೆ ಎಲ್ಲ ವೆಡೇಲಿಯಾಗಳನ್ನೂ ಕಂಡಂತೆ. ಅದರ ತುಂಡುಗಳೆಲ್ಲ ಒಂದೇ ಗಿಡ. ಒಬ್ಬ ಮಲಯಾಳಿಯನ್ನು ಕಂಡವನು, ಒಬ್ಬ ಕನ್ನಡಿಗನನ್ನು ಕಂಡವನು ಹಾಗೆ ಹೇಳಲಾರ. ಗಿಡಕ್ಕೆ ‘ಇಲ್ಲಿ ನಿಲ್ಲು’ ಎಂದರೆ ಕೇಳಿಸುವುದಿಲ್ಲ, ಮನುಷ್ಯನಿಗೆ ಕೇಳಿಸುತ್ತದೆ, ಉತ್ತರವನ್ನೂ ಕೊಡುತ್ತಾನೆ. ಗಿಡವನ್ನು ಕಿತ್ತರೆ ಅನ್ಯಾಯವಾಗುವುದಿಲ್ಲ. ನಮ್ಮ ಸಭೆಗಳಲ್ಲಿ ಒಳ್ಳೆಯ ಉದ್ದೇಶದ ಭಾಷಣಕಾರರೂ ಕಳೆ, ಬಂದಳಿಕೆ, ಪಾಯಲ್ ಎಂದು ಮನುಷ್ಯರನ್ನು ಕರೆದಾಗ ಚಪ್ಪಾಳೆ ಬೀಳುವುದನ್ನು ಎರಡೂ ಭಾಷೆಗಳಲ್ಲಿ ಕೇಳಿದ್ದೇನೆ. ಆ ಚಪ್ಪಾಳೆಯ ಸದ್ದಿನಲ್ಲಿ ಭಾಷೆಯ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನೊಂದು ವಿವರ. ವೆಡೇಲಿಯಾಕ್ಕೆ ಇಲ್ಲಿಯದೇ ಒಂದು ದಾಯಾದಿ ಇದೆ: ಪೀತಭೃಂಗರಾಜ, ಮಲಯಾಳದಲ್ಲಿ ಮಞ್ಞಕ್ಕಯ್ಯೋನ್ನಿ. ಅದೇ ಹಳದಿ ಹೂ, ಮದ್ದಿಗೆ ಹೆಸರಾದ ಸೊಪ್ಪು. ಎಲೆ ಮೂರು ಕವಲಾಗಿಲ್ಲ, ಹಬ್ಬುವ ಆತುರವೂ ಅಷ್ಟಿಲ್ಲ. ದಕ್ಷಿಣ ಚೀನಾದಲ್ಲಿ ಇವೆರಡೂ ಕೂಡಿ ಮಿಶ್ರತಳಿ ಹುಟ್ಟಿರುವುದನ್ನು ಸಸ್ಯವಿಜ್ಞಾನಿಗಳು ಗುರುತಿಸಿದ್ದಾರೆ. ಅಂಥದ್ದನ್ನು ಯಾವ ಪಟ್ಟಿಗೆ ಸೇರಿಸುವುದು? ಪಟ್ಟಿ ಮಾಡುವವರು ತಲೆ ಕೆಡಿಸಿಕೊಳ್ಳಲಿ.

ದರೆಯ ವಿಷಯ ನಾವಿಬ್ಬರೂ ಮಾತಾಡಿಕೊಂಡೆವು. ಏಟ್ಟನಿಗೆ ಅದು ಹೆಂಡತಿ ಊರಿದ ಗಿಡ. ಬೇರೆ ಯಾವ ವಾದವೂ ಅದಕ್ಕಿಂತ ದೊಡ್ಡದಲ್ಲವೆಂದು ನನಗೂ ಗೊತ್ತಿತ್ತು. ಬನಕ್ಕೆ, ತೋಡಿಗೆ ಅದು ಬೇಡವೆಂದು ಅವರಿಗೂ ಗೊತ್ತಿತ್ತು. ಅವರ ಅಂಗಳದ ಮೆಟ್ಟಿಲ ಹತ್ತಿರ ಸಿಮೆಂಟಿನ ಕಟ್ಟೆಯೊಳಗೆ ಒಂದು ತುಂಡು ಉಳಿಯುವುದೆಂದೂ, ಮಾವಿನಿಂದ ಕೆಳಗಿನದನ್ನು ಕೀಳುವುದೆಂದೂ ಆಯಿತು. ಕೀಳುವುದೇನೂ ಒಂದು ದಿನದ ಕೆಲಸವಲ್ಲ. ಒಂದು ಗಂಟು ಮಣ್ಣಲ್ಲಿ ಉಳಿದರೂ ಮತ್ತೆ ಬರುತ್ತದೆ. ಕಿತ್ತದ್ದನ್ನು ತೋಡಿಗೆ ಎಸೆಯುವ ಹಾಗಿಲ್ಲ, ಬಿಸಿಲಿಗೆ ಕಲ್ಲಿನ ಮೇಲೆ ಹರಡಿ ಪೂರ್ತಿ ಒಣಗಿಸಿ ಸುಡಬೇಕು. ದರೆ ಬರಿದಾದರೆ ಕರ್ಕಾಟಕದ ಮಳೆಗೆ, ನಮ್ಮ ಆಟಿಯ ಮಳೆಗೆ, ಮಣ್ಣು ನಿಲ್ಲುವುದಿಲ್ಲವೆಂದು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಲಾವಂಚ ನೆಟ್ಟೆವು. ಏಟ್ಟ ಅದನ್ನು ರಾಮಚ್ಚ ಎನ್ನುತ್ತಾರೆ. ಕೆಳಗಿನ ಎರಡು ಸಾಲು ಚೆನ್ನಾಗಿ ಬೇರು ಹಿಡಿದಿವೆ. ಮೇಲಿನ ಸಾಲಿನಲ್ಲಿ ಅರ್ಧ ಒಣಗಿದೆ. ಅಲ್ಲಿಗೆ ಬೇರೆ ಬುಡ ತರಬೇಕು.